ಕೈಗೆ ಸುತ್ತದ ಹಗ್ಗ

ಅವಳಿಗೆ ಜಿಗಣೆ ಎಂದು ಹೆಸರಿಟ್ಟವನು ಅವಳ ಅಪ್ಪ. ಏಳು ವರ್ಷದ ಹುಡುಗಿಯ ಕೈಗೆ ಮೊದಲ ಸಲ ಹಾಯಿಯ ಹಗ್ಗ ಕೊಟ್ಟರೆ, ದೋಣಿ ದಡ ಸೇರಿ ಹಾಯಿ ಇಳಿಸಿ ಮಡಿಸಿಟ್ಟರೂ ಬಿಟ್ಟಿರಲಿಲ್ಲವಂತೆ. ಈಗ ಅವಳಿಗೆ ಐವತ್ತಮೂರು. ಬಂದರಿನ ಹಿಂದಿನ ಬೀದಿಯಲ್ಲಿ ಟಾರ್ಪಾಲಿನ್, ಕುರ್ಚಿಯ ಗವಸು, ಹರಿದ ಹಾಯಿ ಹೊಲಿಯುವ ಅಂಗಡಿ ಅವಳದು. ಗಿರಾಕಿಗಳು ಎದುರಿಗೆ ಅಕ್ಕ ಎನ್ನುತ್ತಾರೆ, ಮೆಟ್ಟಿಲಿಳಿದ ಮೇಲೆ ಜಿಗಣೆ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಅವಳಿಗೆ ಎರಡನೆಯದೇ ಹೆಚ್ಚು ಇಷ್ಟ.

ಅಪ್ಪ ಬಿಟ್ಟುಹೋದದ್ದು ಒಂದು ಪುಟ್ಟ ಕ್ಯಾಟಮರಾನ್. ಸಪೂರವಾದ ಎರಡು ಒಡಲು, ನಡುವೆ ಕೂರಲು ಬಿಗಿದ ಬಟ್ಟೆ, ಒಂದು ಕಂಬ, ಒಂದು ದೊಡ್ಡ ಹಾಯಿ, ಮುಂದೆ ಒಂದು ಚಿಕ್ಕದು. ಅಂಚೆ ಕಚೇರಿಯಿಂದ ನಿವೃತ್ತನಾದ ಅಣ್ಣ ಚಿಕ್ಕ ಹಾಯಿ ನೋಡಿಕೊಳ್ಳುತ್ತಿದ್ದ. ಮುತ್ತು ಉದುರೀತೆಂದು ಬಾಯಿ ತೆರೆಯದ ಜಾತಿ ಅವನದು. ಚುಕ್ಕಾಣಿಯೂ ದೊಡ್ಡ ಹಾಯಿಯ ಹಗ್ಗವೂ ತಂಗಿಯವು. ಮೂವತ್ತು ವರ್ಷ ಹೀಗೇ ನಡೆದಿತ್ತು.

ಕೆಟ್ಟದ್ದು ಹೋದ ವರ್ಷ. ದಪ್ಪ ಬಟ್ಟೆ ಹೊಲಿದು ಹೊಲಿದು ಸೋತ ಕೈಯಿಂದ, ಗಾಳಿ ಜೋರಾದಾಗ ಹಗ್ಗ ಜಾರತೊಡಗಿತು. ಯಾರಿಗೂ ಹೇಳದೆ ಅವಳು ಅದನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಳ್ಳುವುದನ್ನು ರೂಢಿ ಮಾಡಿಕೊಂಡಳು. ಹಾಯಿ ನಡೆಸುವವರು ಮಾಡಲೇಬಾರದ ಕೆಲಸ ಅದು. ಗಾಳಿ ತಟ್ಟನೆ ಹೊಡೆದರೆ ಹಗ್ಗ ಬಿಡಬೇಕು. ಬಿಟ್ಟರೆ ಹಾಯಿ ಗಾಳಿ ಚೆಲ್ಲುತ್ತದೆ, ದೋಣಿ ನೆಟ್ಟಗಾಗುತ್ತದೆ. ಸುತ್ತಿಕೊಂಡವಳು ಬಿಡುವುದು ಹೇಗೆ? ದೋಣಿ ಮಗುಚಿತು, ಅವಳ ಎರಡು ಬೆರಳು ಮುರಿದವು, ಅಣ್ಣ ಅವಳ ಲೈಫ್ ಜಾಕೆಟ್ಟಿನ ಕಾಲರ್ ಹಿಡಿದುಕೊಂಡು ಅರ್ಧ ಗಂಟೆ ನೀರಿನಲ್ಲಿ ತೇಲಿದ.

ಪ್ಲಾಸ್ಟರ್ ಬಿಚ್ಚಿದ ದಿನವೇ ಅಣ್ಣ ಹೇಳಿದ: “ಸಾಕು ಇನ್ನು. ದೋಣಿ ಡ್ರಾಯಿಂಗ್ ಮೇಷ್ಟ್ರಿಗೆ ಕೊಟ್ಬಿಡೋಣ. ಅವರು ಕೇಳ್ತಾನೇ ಇದಾರೆ.”

“ನಾನಿನ್ನೂ ಬದುಕಿದೀನಿ, ಅಣ್ಣ.”

“ಅದಕ್ಕೇ ಹೇಳ್ತಿರೋದು.”

ಮೂರು ವಾರ ಜಗಳವಾಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳ ಎದುರು ಯಾರು ಎಷ್ಟು ದಿನ ನಿಂತಾರು? ಕೊನೆಗೆ ಅವನು ಒಂದು ಷರತ್ತು ಹಾಕಿದ. ಬೇಸಿಗೆ ಮುಗಿಯುವುದರೊಳಗೆ ಒಂದು ಭಾನುವಾರ, ಕೊಲ್ಲಿಯ ಆಚೆಗಿರುವ ದೀಪದ ಬಂಡೆ ಸುತ್ತಿ ಬರಬೇಕು. ಹಗ್ಗ ಅವಳದೇ. ಒಂದೇ ಒಂದು ಸಲ ಕೈಗೆ ಸುತ್ತಿದ್ದು ಕಂಡರೂ ದೋಣಿ ಮೇಷ್ಟ್ರದು.

“ಆಗಲಿ,” ಎಂದಳು ಜಿಗಣೆ.

ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ನಾಲ್ಕು ತಿಂಗಳು ಹಿಸುಕಿದಳು. ಚೆಂಡು ಸೀಳಿಹೋಯಿತು, ಬೆರಳಿಗೆ ಬಲ ಬರಲಿಲ್ಲ. ಆಗ ದೋಣಿ ಸಾಮಾನಿನ ಅಂಗಡಿಯವನು, “ಅಕ್ಕ, ಕೈ ಬದಲಾಯಿಸೋಕಾಗಲ್ಲ, ಹಗ್ಗ ಹಾಯೋ ರಾಟೆ ಬದಲಾಯಿಸಿ ನೋಡಿ,” ಎಂದು ಮುಷ್ಟಿಗಾತ್ರದ ಒಂದು ರ‍್ಯಾಚೆಟ್ ಬ್ಲಾಕ್ ಮುಂದಿಟ್ಟ. ಅದರ ಗಾಲಿ ಒಂದೇ ದಿಕ್ಕಿಗೆ ತಿರುಗುತ್ತದೆ. ನಾವು ಹಗ್ಗ ಎಳೆದುಕೊಂಡಾಗ ಕಟಕಟ ಎಂದು ತಿರುಗುತ್ತದೆ. ಹಾಯಿ ತನ್ನ ಕಡೆಗೆ ಎಳೆದಾಗ ನಿಂತುಬಿಡುತ್ತದೆ. ನಿಂತ ಗಾಲಿಗೆ ಹಗ್ಗ ಒತ್ತಿಕೊಳ್ಳುವುದರಿಂದ, ಭಾರದ ಬಹುಪಾಲನ್ನು ಗಾಲಿಯೇ ಹೊರುತ್ತದೆ. ಕೈ ಸಡಿಲಿಸಿದರೆ ಮಾತ್ರ ಹಗ್ಗ ಜಾರಿಹೋಗುತ್ತದೆ.

ತಾನೇ ಜೋಡಿಸಿ, ದಡದ ಹತ್ತಿರವೇ ಒಂದು ಸುತ್ತು ಹೋಗಿ ನೋಡಿದಳು. ಹಗ್ಗ ಎಳೆದುಕೊಳ್ಳುವುದು ಕಲ್ಲು ಎಳೆದಷ್ಟು ಕಷ್ಟವಾಯಿತು. ಸಣ್ಣದೊಂದು ಗಾಳಿ ಬಂದದ್ದೇ ತಡ, ಹಗ್ಗ ಅಂಗೈ ಸುಡುತ್ತ ಓಡಿತು.

“ರಾಟೆ ಸರಿ ಇಲ್ಲ,” ಎಂದಳು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದ ಅಣ್ಣ. ಅವನು ವಾರಕ್ಕೊಂದು ಮಾತಾಡಿದರೂ ಅದು ಇಂಥದ್ದೇ.

ಅವಳಿಗೆ ಅವಮಾನವಾಯಿತು, ಉರಿಯುವ ಅಂಗೈಗಿಂತ ಹೆಚ್ಚಾಗಿ ಅದು ಉರಿಯಿತು. ಮರುದಿನ ಹೊಲಿಗೆ ಯಂತ್ರದ ಮುಂದೆ ಕೂತವಳು ಗಾಲಿಯ ಮೇಲೆ ಕೈಯಿಟ್ಟು ಯೋಚಿಸತೊಡಗಿದಳು. ಕಟಕಟ ಸದ್ದು ಕೇಳಿಸಿದ್ದು ಯಾವಾಗ? ಎಳೆದುಕೊಳ್ಳುವಾಗಲ್ಲ, ಹಗ್ಗ ಓಡಿಹೋಗುವಾಗ. ಹಳೆಯ ರಾಟೆಗೆ ದಿಕ್ಕಿನ ಹಂಗಿರಲಿಲ್ಲ. ಮೂವತ್ತು ವರ್ಷದ ರೂಢಿಯಲ್ಲಿ ಕೈ ತಾನಾಗಿ ಹಗ್ಗವನ್ನು ಎಡದಿಂದ ತೂರಿಸಿತ್ತು. ಯಂತ್ರದ ಗಾಲಿ ಹಿಂದಕ್ಕೆ ತಿರುಗಿಸಿದರೆ ದಾರ ಗಂಟಾಗುತ್ತದೆ ಎಂದು ಹೊಲಿಗೆ ಕಲಿಯಲು ಬಂದವರಿಗೆಲ್ಲ ಬೈದವಳು ತಾನೇ ಉಲ್ಟಾ ಹಾಕಿದ್ದಳು.

ಅಂಗಡಿಗೆ ಬೀಗ ಹಾಕಿ ಮನೆಗೆ ಓಡಿದಳು. ಅಡುಗೆಮನೆಯ ಕಿಟಕಿಯ ಸರಳಿಗೆ ರಾಟೆ ಕಟ್ಟಿ, ಈ ಸಲ ಬಲದಿಂದ ಹಗ್ಗ ತೂರಿಸಿ, ತುದಿಗೆ ನೀರು ತುಂಬಿದ ಬಕೆಟ್ ಕಟ್ಟಿದಳು. ಎಳೆದರೆ ಕಟಕಟ. ನಿಲ್ಲಿಸಿದರೆ ಬಕೆಟ್ ನಿಂತಿತು, ಮುರಿದು ಕೂಡಿದ ಎರಡೇ ಬೆರಳಿನ ಹಿಡಿತದಲ್ಲಿ. ಬೆರಳು ಸಡಿಲಿಸಿದರೆ ಮೆಲ್ಲಗೆ ಇಳಿಯಿತು. ಹಾಗೆ ಎಷ್ಟು ಸಲ ಏರಿಸಿ ಇಳಿಸಿದಳೋ, ನೆಲವೆಲ್ಲ ಒದ್ದೆ. ಹಿಡಿಯುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಬೇಸಿಗೆಯ ಉಳಿದ ಸಂಜೆಗಳಲ್ಲಿ ಅವಳು ಬಿಡುವುದನ್ನು ಅಭ್ಯಾಸ ಮಾಡಿದಳು.

ಆ ಭಾನುವಾರ ಗಾಳಿ ಜೋರಾಗಿಯೇ ಇತ್ತು. ಡ್ರಾಯಿಂಗ್ ಮೇಷ್ಟ್ರು ಪ್ಯಾಂಟು ಮಡಿಸಿಕೊಂಡು ದಡದಲ್ಲಿ ಕಾಯುತ್ತಿದ್ದರು. ಮುಂದೆ ಕೂತ ಅಣ್ಣ ಗಳಿಗೆಗೊಮ್ಮೆ ಕತ್ತು ತಿರುಗಿಸಿ ತಂಗಿಯ ಕೈ ನೋಡುತ್ತಿದ್ದ. ಬಂಡೆಯವರೆಗೆ ತೊಂದರೆಯಿಲ್ಲದೆ ಹೋದರು. ಬಂಡೆಯ ಮರೆ ದಾಟಿದ್ದೇ ಗಾಳಿ ಒಮ್ಮೆಲೇ ಅಪ್ಪಳಿಸಿತು. ಅವರು ಕೂತ ಬದಿಯ ಒಡಲು ನೀರು ಬಿಟ್ಟು ಮೇಲೆದ್ದಿತು. ಹಳೆಯ ಚಾಳಿಯಂತೆ ಅವಳ ಮಣಿಕಟ್ಟು ಹಗ್ಗ ಸುತ್ತಿಕೊಳ್ಳಲು ಹೊರಟಿತು. ಅರ್ಧ ತಿರುಗಿಯೂ ಆಗಿತ್ತು. ಅವಳು ಬೆರಳು ಬಿಡಿಸಿದಳು. ಮೊಳದುದ್ದ ಹಗ್ಗ ಜಾರಿತು, ಮೇಲೆದ್ದ ಒಡಲು ಮತ್ತೆ ನೀರಿಗೆ ಕೂತಿತು. ಅವಳು ಕಟಕಟ ಎಂದು ಹಗ್ಗ ಎಳೆದುಕೊಂಡು ದೋಣಿಯನ್ನು ಮನೆಯ ಕಡೆ ತಿರುಗಿಸಿದಳು.

ದಡದಲ್ಲಿ ಅಣ್ಣ ನೇರ ಮೇಷ್ಟ್ರ ಹತ್ತಿರ ಹೋದ. “ಸುಮ್ನೆ ಕಾಯಿಸಿದೆ, ಬೇಜಾರು ಮಾಡ್ಕೋಬೇಡಿ. ದೋಣಿ ಕೊಡೋಕಾಗಲ್ಲ.”

ತಿರುಗಿ ಬಂದು, ಹಾಯಿ ಮಡಿಸುತ್ತ, ತಂಗಿಯ ಮುಖ ನೋಡದೆ ಹೇಳಿದ: “ಚಿಕ್ಕ ಹಾಯಿಗೂ ಇಂಥ ರಾಟೆ ಬೇಕಾಗುತ್ತೆ. ಆ ಕಡೆ ಒಂದು, ಈ ಕಡೆ ಒಂದು.”

ಅವಳು ಅವನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಅಡ್ಡಡ್ಡಕ್ಕೆ ಎರಡು ಕೆಂಪು ಬರೆ, ಹಗ್ಗದ ಹೆಣಿಗೆಯೂ ಮೂಡಿತ್ತು.

“ಎಷ್ಟು ದಿನದಿಂದ ಸುತ್ಕೋತಿದೀಯ?”

“ನಿನಗಿಂತ ಮೊದಲಿಂದ.”

ಅವಳಿಗೆ ಸಿಟ್ಟು ನೆತ್ತಿಗೇರಿತು, ಜೊತೆಗೇ ಅಳುವೂ ಬಂತು. ಕೈ ಮಾತ್ರ ಬಿಡಲಿಲ್ಲ.

“ನಾಳೆ ಹೋಗಿ ಎರಡೂ ತರ್ತೀನಿ,” ಎಂದಳು. “ಅಡುಗೆಮನೇಲಿ ಬಕೆಟ್ ಕಟ್ಟಿ ಕಲಿ. ಅಲ್ಲೀತನಕ ನೀನು ದೋಣಿ ಹತ್ತೋ ಹಾಗಿಲ್ಲ.”