ಸೆರಗಿನಲ್ಲಿ ಬಂದ ಲಿಂಗ

ಅವಳ ಎಡಗಿವಿಯ ಹಾಲೆ ಹರಿದು ಎರಡಾಗಿತ್ತು. ಗಂಡ ಕುಡಿದ ಅಮಲಿನಲ್ಲಿ ಓಲೆ ಕಿತ್ತಿದ್ದನಂತೆ. ಅದಕ್ಕೇ ಇರಬೇಕು, ಸೇಂದಿ ಅಂಗಡಿಯ ಮುಂದೆ ಪಿಕೆಟಿಂಗ್ ಮಾಡಿ ಜೈಲಿಗೆ ಬಂದ ನನ್ನನ್ನು ಕಂಡರೆ ಆ ಕಾವಲಿನ ಹೆಂಗಸಿಗೆ ಅಕ್ಕರೆ.

ಕಂಪ್ಲಿಯಿಂದ ಹೋದ ಹೆಂಗಸು ನಾನೊಬ್ಬಳೇ. ಹೆಂಗಸರ ಕೋಣೆಯಲ್ಲಿ ಬೇರೆ ಕೈದಿಗಳೇ ಇರಲಿಲ್ಲ. ಅವಳು ಸರಳುಗಳಾಚೆ ಕೂತು ತನ್ನೂರು ಮೆಟ್ರಿಯಲ್ಲಿದ್ದ ಎಮ್ಮೆಯ ಕತೆ ಹೇಳುವಳು. ಅವಳು ಹೋದ ಮೇಲೆ ನಾನು ಗೋಡೆಯ ಜೊತೆ ಮಾತಾಡಿದ್ದೂ ಉಂಟು.

ಒಳಗೆ ಬಿಡುವಾಗಲೇ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಇಷ್ಟಲಿಂಗದ ಸಮೇತ ತೆಗೆಸಿದ್ದರು. ಲಿಂಗಪೂಜೆಯಿಲ್ಲದೆ ನಾನು ತುತ್ತು ಮುಟ್ಟುವವಳಲ್ಲ. ಬೆಳ್ಳಿ ನಿಮ್ಮಲ್ಲೇ ಇರಲಿ, ಲಿಂಗ ಕೊಡಿ ಎಂದು ಜೈಲರನಿಗೆ ಕೈಮುಗಿದೆ. ಕೇಳಲಿಲ್ಲ. ಮೂರು ದಿನ ಉಪವಾಸ ಬಿದ್ದೆ.

ನಾಲ್ಕನೆಯ ಬೆಳಿಗ್ಗೆ ಅವಳು ಸೆರಗು ಮುದುರಿಕೊಂಡು ಬಂದಳು. ಆಫೀಸಿನ ಪೆಟ್ಟಿಗೆಯಲ್ಲಿ ಕರಡಿಗೆಯನ್ನು ಹಾಗೇ ಬಿಟ್ಟು ಲಿಂಗವನ್ನಷ್ಟೇ ಕದ್ದು ತಂದಿದ್ದಳು.

"ನಾ ಮುಟ್ಟಿಲ್ರೀ ಅವ್ವಾರ. ಸೆರಗಿನಾಗ ಹಿಡಕೊಂಡು ಬಂದೀನಿ. ಇನ್ನ ಉಣ್ರಿ."

ಅವಳು ಊರ ಹೊರಗಿನ ಕೇರಿಯವಳು. ದೇಶದ ಬಿಡುಗಡೆಗೆ ಹೊರಟಿದ್ದ ನಾನು ಕೈ ಚಾಚಲಿಲ್ಲ. ಸರಳಿನ ಕೆಳಗಿಂದ ತಟ್ಟೆ ದೂಡಿ, ಇದರಲ್ಲಿ ಹಾಕು ಎಂದೆ. ಹಾಕಿದಳು. ಅವಳೆದುರಿಗೇ ಮೂರು ಸಲ ನೀರು ಸುರಿದು ತೊಳೆದು ಆಮೇಲೆ ಕೈಗೆತ್ತಿಕೊಂಡೆ. ಅವಳು ನೋಡುತ್ತಾ ನಿಂತಿದ್ದಳು.

ಅಷ್ಟಾದ ಮೇಲೂ ನನ್ನ ಮೇಲೆ ಮುನಿಯಲಿಲ್ಲ. ಸ್ನಾನಕ್ಕೆ ಮರೆಯಿರಲಿಲ್ಲ; ದಿನಾ ಕಂಬಳಿ ಹಿಡಿದು ಆಚೆ ಮುಖ ಮಾಡಿ ನಿಲ್ಲುತ್ತಿದ್ದಳು. ಮುಟ್ಟಾದಾಗ ಬಟ್ಟೆ ಕೊಡುವ ರೂಢಿ ಅಲ್ಲಿರಲಿಲ್ಲ. ತನ್ನ ಹಳೇ ಸೀರೆ ಹರಿದು ತಂದುಕೊಟ್ಟಳು. ಅದನ್ನು ಮಾತ್ರ ನಾನು ತೊಳೆಯದೆಯೇ ಬಳಸಿದೆ. ಬೇಕಾದಾಗ ಮಡಿ ಎಷ್ಟು ಸಡಿಲವಾಗುತ್ತದೆ ನೋಡಿ.

ಎರಡು ತಿಂಗಳಿಗೆ ತಪಾಸಣೆ ಬಂತು. ಕರಡಿಗೆ ಬರಿದಾಗಿದ್ದದ್ದು ಗೊತ್ತಾಯಿತು. ನನ್ನನ್ನು ಕೇಳುವ ಮೊದಲೇ ಅವಳು ಒಪ್ಪಿಕೊಂಡಳು. ಅವತ್ತೇ ಕೆಲಸದಿಂದ ತೆಗೆದರು. ಲಿಂಗವನ್ನು ಮಾತ್ರ, ನಾನು ಮತ್ತೆ ಉಪವಾಸ ಕೂರುವೆನೆಂಬ ಭಯಕ್ಕೋ ಏನೋ, ನನ್ನ ಬಳಿಯೇ ಬಿಟ್ಟರು. ಉಳಿದ ದಿನಗಳಲ್ಲಿ ನನಗೆ ಎಮ್ಮೆಯ ಕತೆ ಹೇಳುವವರೂ ಇರಲಿಲ್ಲ.

ಬಿಡುಗಡೆಯಾದ ಮೇಲೂ ಮೆಟ್ರಿಗೆ ಹೋಗಲು ನಾಚಿಕೆ. ನಾಲ್ಕು ವರ್ಷ ತಡೆದು ಹೋದೆ. ಅವಳು ಹಿಂದಿನ ಬೇಸಿಗೆಯಲ್ಲೇ ತೀರಿಕೊಂಡಿದ್ದಳು. ನಾನು ಯಾರೆಂದು ತಿಳಿದ ಅವಳ ಸೊಸೆಯ ಮುಖ ಅರಳಿತು.

"ನಿಮ್ಮ ಸುದ್ದಿ ಭಾಳ ಹೇಳ್ತಿದ್ರು ನಮ್ಮತ್ತಿ. ಲಿಂಗ ಒಯ್ದು ಕೊಟ್ರ ಎರಡೂ ಕೈಲೆ ಇಸಗೊಂಡ್ರು, ನನ್ನ ಕೈ ಕಣ್ಣಿಗೊತ್ತಿಕೊಂಡ್ರು ಅಂತಿದ್ರು."

ಹಾಗಲ್ಲ, ತಟ್ಟೆ ದೂಡಿದೆ ಎಂದು ಹೇಳಬೇಕಿತ್ತು.