ಕೂಗದೆ ಎಬ್ಬಿಸುತ್ತಿದ್ದ ಕೈ

ತೆಂಗಿನ ಮಟ್ಟೆ ಹೊತ್ತಿಕೊಳ್ಳುವ ವಾಸನೆ ಈಗ ಅರಸೀಕೆರೆಯಲ್ಲೂ ಅಪರೂಪ. ಮೊನ್ನೆ ಬೆಳಗಿನ ವಾಕಿಂಗಿಗೆ ಹೊರಟವಳು, ಹಿಂದಿನ ಬೀದಿಯಲ್ಲಿ ಯಾರೋ ಅಂಗಳದ ಒಲೆಗೆ ಮಟ್ಟೆ ಒಟ್ಟಿ ನೀರು ಕಾಯಿಸುತ್ತಿದ್ದುದನ್ನು ಕಂಡು ಅಲ್ಲೇ ನಿಂತುಬಿಟ್ಟೆ. ಕಣ್ಣು ತುಂಬಿತು. ನೋಡಿದವರು ಹೊಗೆಗೆ ಅಂದುಕೊಳ್ಳಲಿ ಎಂದು ಸೆರಗಿನಲ್ಲಿ ಒರೆಸಿಕೊಂಡೆ. ಈ ವಾಕಿಂಗು ಡಾಕ್ಟರ ಅಪ್ಪಣೆ. ನನ್ನ ಬಿ.ಪಿ. ನೋಡಿ ಅವರು, "ಬೆಳಗ್ಗೆಗೊಂದು ಕ್ರಮ ಅಂತ ಮಾಡ್ಕೊಳಿ ಮೇಡಂ. ದಿನ ಚೆನ್ನಾಗಿ ಶುರುವಾದ್ರೆ ಅರ್ಧ ಕಾಯಿಲೆ ವಾಸಿ" ಎಂದಿದ್ದರು. ಅಂದಿನಿಂದ ನನ್ನ ಫೋನಿನ ತುಂಬ ಉಪದೇಶವೋ ಉಪದೇಶ. ಎದ್ದ ಕೂಡಲೇ ಬಿಸಿನೀರು ಕುಡಿಯಿರಿ, ಉಸಿರನ್ನು ಗಮನಿಸಿ, ಹಾಸಿಗೆ ಮಡಚಿ, ಫೋನು ಮಾತ್ರ ಮುಟ್ಟಬೇಡಿ ಎಂದು ಫೋನೇ ಹೇಳುತ್ತದೆ. ಎಲ್ಲ ಮಾಡಿ ನೋಡಿದೆ. ಎದ್ದ ಮೇಲೆ ಏನು ಮಾಡಬೇಕೆಂದು ಹೇಳುವವರು ನೂರು ಜನ. ಎಬ್ಬಿಸುವವರು ಮಾತ್ರ ಒಬ್ಬರೂ ಉಳಿದಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು.

ನಾನು ಹುಟ್ಟಿ ಬೆಳೆದದ್ದು ಜಾವಗಲ್‌ನಲ್ಲಿ, ತೋಟದ ಅಂಚಿನ ಹೆಂಚಿನ ಮನೆಯಲ್ಲಿ. ಅಟ್ಟದ ಮೇಲೆ ಕೊಬ್ಬರಿ, ಕೆಳಗೆ ಪಡಸಾಲೆಯಲ್ಲಿ ನಾನು ಮತ್ತು ತಮ್ಮ ಬಸು ಒಂದೇ ಕಂಬಳಿಯೊಳಗೆ. ಆ ಮನೆಯ ಬೆಳಗೆಲ್ಲ ಅತ್ತೆಯದು. ಅತ್ತೆ ಎಂದರೆ ಅಪ್ಪನ ಅಕ್ಕ. ಹಗರೆ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದರಂತೆ. ಗಂಡ ತೀರಿಹೋದ ಮೇಲೆ, ಮಕ್ಕಳೂ ಇಲ್ಲದ ಅತ್ತೆ ತವರಿಗೆ ಬಂದು, ಯಾರನ್ನೂ ಕೇಳದೆ ಬಚ್ಚಲೊಲೆಯನ್ನು ತನ್ನದು ಮಾಡಿಕೊಂಡಿದ್ದಳು. ಹಳೇಬೀಡಿನ ಕಡೆಗೆ ಹೋಗುವ ಮೊದಲ ಬಸ್ಸು ತಿರುವಿನಲ್ಲಿ ಹಾರನ್ನು ಹೊಡೆಯುವುದಕ್ಕೆ ಮುಂಚೆಯೇ ಅವಳು ಬೂದಿ ಬಳಿದು, ಮಟ್ಟೆ ಒಟ್ಟಿ, ಮೇಲೆರಡು ಕರಟ ಇಟ್ಟು ಊದಿರುತ್ತಿದ್ದಳು. ಹಂಡೆಯ ನೀರು ಗುಂಯ್ ಎನ್ನತೊಡಗಿದಾಗ ಎರಡೂ ಅಂಗೈಗಳನ್ನು ಒಲೆಯ ಬಾಯಿಗೆ ಹಿಡಿದು ಕಾಯಿಸಿಕೊಂಡು, ಬಿಸಿ ಆರದ ಹಾಗೆ ಒಂದಕ್ಕೊಂದು ಮುಚ್ಚಿಕೊಂಡು ಪಡಸಾಲೆಗೆ ಓಡಿಬರುವಳು. ಆ ಕೈಗಳನ್ನು ನಮ್ಮ ಕಣ್ಣ ಮೇಲೆ ಇಡುವಳು. ಹೊಗೆ, ವಿಭೂತಿ, ಹಿಂದಿನ ದಿನ ಬೆಣ್ಣೆ ತೆಗೆದ ಕೈಯ ಜಿಡ್ಡು, ಎಲ್ಲ ಸೇರಿದ ವಾಸನೆ. ಒಂದು ಮಾತೂ ಆಡುತ್ತಿರಲಿಲ್ಲ. ಯಾಕೆ ಕೂಗಿ ಎಬ್ಬಿಸುವುದಿಲ್ಲ ಎಂದು ನಾನೊಮ್ಮೆ ಕೇಳಿದ್ದೆ.

"ಮಲಗಿರೋರ್ನ ಹೆಸ್ರಿಡಿದು ಕೂಗ್ಬಾರ್ದು ಕಣವ್ವ. ನಿದ್ದೇಲಿ ಜೀವ ಎಲ್ಲೆಲ್ಲೋ ತಿರುಗ್ತಿರ್ತೈತೆ. ಕೂಗಿದ್ರೆ ಗಾಬ್ರಿ ಬಿದ್ದು ದಾರಿ ತಪ್ತೈತೆ. ಬೆಚ್ಚಗೆ ಮುಟ್ಟಿದ್ರೆ ತಾನೇ ಮನೆ ಹುಡುಕ್ಕೊಂಡು ಬತ್ತೈತೆ."

ನಾನು ಮೊದಲ ಸಲಕ್ಕೇ ಏಳುವ ಪೈಕಿ. ಬಸು ಹಾಗಲ್ಲ, ಕಳ್ಳ. ಎಚ್ಚರವಾಗಿದ್ದರೂ ರೆಪ್ಪೆ ಬಿಗಿದು ಮಲಗಿರುತ್ತಿದ್ದ. ಅವನು ಏಳದಿದ್ದರೆ ಅತ್ತೆ ಮತ್ತೆ ಒಲೆಯ ತನಕ ಹೋಗಿ ಕೈ ಕಾಯಿಸಿಕೊಂಡು ಬರಬೇಕು. ಆ ಎರಡನೆಯ ಬಿಸಿ ಅವನಿಗೆ ಬೇಕು. ಎಚ್ಚರವಿರುವವರನ್ನು ಎಬ್ಬಿಸಲಾದೀತೇ? ಅತ್ತೆಗೆ ಅದು ಗೊತ್ತಿತ್ತು, ಅವಳಿಗೆ ಗೊತ್ತೆಂದು ಅವನಿಗೂ ಗೊತ್ತಿತ್ತು. ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿ, ಮಂಡಿನೋವಿದ್ದರೂ ಇನ್ನೊಂದು ಸಲ ಬಚ್ಚಲಿಗೆ ನಡೆಯುವಳು. ಎರಡನೆಯ ಸಲ ಕೈ ಇಟ್ಟಾಗ ಬಸು ಕಿಸಕ್ಕನೆ ನಕ್ಕು ಅವಳ ಕೊರಳಿಗೆ ಜೋತುಬೀಳುತ್ತಿದ್ದ. ಆಮೇಲೆ ಸ್ನಾನ, ಹಣೆಗೆ ವಿಭೂತಿ, ರಾಗಿರೊಟ್ಟಿ, ಸ್ಕೂಲು. ನಮ್ಮ ದಿನ ಶುರುವಾಗುತ್ತಿದ್ದದ್ದೇ ಹಾಗೆ.

ಒಂದು ಚಳಿಗಾಲದಲ್ಲಿ ಬಸುವಿಗೆ ಕಾಮಾಲೆಯಾಯಿತು. ಬೇಲೂರಿನ ಡಾಕ್ಟರಿಗೆ ತೋರಿಸಿದ್ದಾಯಿತು, ಪಥ್ಯ ಮಾಡಿಸಿದ್ದಾಯಿತು. ಜ್ವರ ಇಳಿದ ಸಂಜೆ ಗಂಜಿ ಕುಡಿದು, "ನಾಳೆ ನಂಗೂ ರೊಟ್ಟಿ ಕೊಡ್ಬೇಕು ಅಷ್ಟೇ" ಎಂದು ಅತ್ತೆಯೊಂದಿಗೆ ಜಗಳವಾಡಿ ಮಲಗಿದ. ಬೆಳಗ್ಗೆ ಅತ್ತೆ ಬಂದು ನನ್ನನ್ನು ಎಬ್ಬಿಸಿದಳು, ಅವನ ಕಣ್ಣ ಮೇಲೂ ಕೈ ಇಟ್ಟಳು. ಏಳಲಿಲ್ಲ. ಬೆಂಕಿಗೆ ಕಾದ ಕೈಗೆ ಅವನ ಮೈ ತಣ್ಣಗಿರುವುದು ತಿಳಿಯಲಿಲ್ಲವೋ, ಚಳಿಗೆಂದುಕೊಂಡಳೋ, ಹುಡುಗ ಸುಧಾರಿಸಿಕೊಂಡು ಹಳೇ ಆಟ ಹೂಡಿದ್ದಾನೆಂದು ಅವಳ ಮುಖ ಅರಳಿತು. ನನಗೆ ಕಣ್ಣು ಮಿಟುಕಿಸಿ ಮತ್ತೆ ಒಲೆಗೆ ಹೋದಳು. ನಾನೂ ನಗು ತಡೆದುಕೊಂಡು ಕಾದೆ. ಎರಡನೆಯ ಸಲ ಇಟ್ಟ ಕೈಯನ್ನು ಅವಳು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಅವನ ಎದೆ, ಪಾದ ಮುಟ್ಟಿ ನೋಡಿದಳು. ಆಮೇಲೆ "ಬಸೂ" ಎಂದು ಕೂಗಿದಳು. ಕೊಟ್ಟಿಗೆಯಿಂದ ಅಮ್ಮ ಸಗಣಿ ಕೈಯಲ್ಲೇ ಓಡಿಬಂದರೂ ಕೂಗುತ್ತಲೇ ಇದ್ದಳು.

ತೋಟದ ಮೂಲೆಯಲ್ಲಿ ಅವನನ್ನು ಮಣ್ಣು ಮಾಡಿದರು. ಎಲ್ಲರೂ ಕಾಮಾಲೆಯನ್ನು ಬೈದರು, ವಿಧಿಯನ್ನು ಬೈದರು. ಅತ್ತೆ ತನ್ನ ಬಾಯನ್ನು ಬೈದುಕೊಂಡಳು. "ಕೂಗ್ಬಿಟ್ನಲ್ಲವ್ವ. ಬರೋ ದಾರೀಲಿದ್ನೇನೋ. ಇನ್ನೊಂದ್ ಸತಿ ಕೈ ಕಾಯಿಸ್ಕೊಂಡು ಬಂದಿದ್ರೆ ಬತ್ತಿದ್ನೇನೋ" ಎನ್ನುತ್ತಿದ್ದಳು. "ನೀವ್ ಕೂಗೋಕ್ ಮುಂಚೇನೇ ಹೋಗ್ಬಿಟ್ಟಿದ್ದ ಅತ್ತಿಗಮ್ಮ" ಎಂದು ಹೆತ್ತ ಅಮ್ಮನೇ ಸಮಾಧಾನ ಮಾಡಬೇಕಾಯಿತು. ಅತ್ತೆ ಹೂಂಗುಟ್ಟಿ ಒಲೆಗೆ ಮಟ್ಟೆ ನೂಕುವಳು. ನಂಬಿದ್ದು ಮಾತ್ರ ತನ್ನ ಮಾತನ್ನೇ. ಬೆಳಗ್ಗೆ ನನ್ನನ್ನು ಎಬ್ಬಿಸುವುದನ್ನು ಬಿಡಲಿಲ್ಲ, ಆದರೆ ಅವಳ ಮುಖದಲ್ಲಿ ಆ ಮಿಟುಕನ್ನು ನಾನು ಮತ್ತೆ ನೋಡಲಿಲ್ಲ.

ಅಪ್ಪ ಅಮ್ಮ ಹೋದರು, ಚಿಕ್ಕಪ್ಪಂದಿರ ಪಾಲಿಗೆ ಬಂದ ಮನೆ ಉರುಳಿ ಅಲ್ಲಿ ಮಳಿಗೆಗಳು ಎದ್ದವು. ಅತ್ತೆ ಒಂದು ಸೀರೆಗಂಟು, ವಿಭೂತಿ ಗಟ್ಟಿ ಹಿಡಿದುಕೊಂಡು ನಾನು ಟೀಚರಾಗಿದ್ದ ಅರಸೀಕೆರೆಗೆ, ನನ್ನ ಮನೆಗೆ ಬಂದಳು. ಸ್ವಿಚ್ಚು ಒತ್ತಿದರೆ ಬಿಸಿನೀರು ಬರುವುದು ಅವಳಿಗೆ ಒಗ್ಗಲೇ ಇಲ್ಲ. "ಬೆಂಕಿ ಕಾಣ್ದಿರೋ ಬಿಸೀನ ಹೆಂಗ್ ನಂಬ್ತೀಯವ್ವ?" ಎನ್ನುವಳು. ಗ್ಯಾಸಿನ ಉರಿಗೆ ಕೈ ಕಾಯಿಸಿಕೊಂಡು ಬಂದು, ತಲೆ ನರೆತ ನನ್ನ ಕಣ್ಣ ಮೇಲೆ ಇಡುವಳು. ನಮ್ಮ ಮನೆಯವರು, "ಅತ್ತೇರೆ, ಬೆಳಿಗ್ಗೆ ಬೆಳಿಗ್ಗೆ ಟೀಚರಮ್ಮನಿಗೆ ಬರೆ ಹಾಕ್ತಿದ್ದೀರಾ?" ಎಂದು ಛೇಡಿಸುವರು. ನನಗೆ ಒಂದು ದಿನವೂ ಅಲಾರಾಂ ಬೇಕಾಗಲಿಲ್ಲ.

ಕೊನೆಗೆ ಅವಳೇ ಹಾಸಿಗೆ ಹಿಡಿದಳು. ಆಗ ಕೈ ಕಾಯಿಸಿಕೊಂಡು ಹೋಗುವ ಸರದಿ ನನ್ನದಾಯಿತು. ಕಣ್ಣು ಬಿಟ್ಟು, ನನ್ನ ಅಂಗೈ ಹಿಡಿದು, "ಇನ್ನೂ ಒಸಿ ಕಾಯಿಸ್ಬೇಕಿತ್ತು" ಎಂದು ತಪ್ಪು ಹುಡುಕುವಳು. ಒಂದು ಬೆಳಗ್ಗೆ ಕೈ ಇಟ್ಟೆ, ಏಳಲಿಲ್ಲ. ಒಲೆಗೆ ಹೋಗಿ ಚೆನ್ನಾಗಿ ಕಾಯಿಸಿಕೊಂಡು ಬಂದು ಎರಡನೆಯ ಸಲ ಇಟ್ಟೆ. ಅಷ್ಟರಲ್ಲಿ ಬಾಗಿಲಿಗೆ ಬಂದ ನಮ್ಮ ಮನೆಯವರು ಮೆಲ್ಲಗೆ, "ಒಂದ್ಸಲ ಕೂಗಿ ನೋಡೇ" ಎಂದರು. ಅತ್ತೇ ಎಂಬ ಕೂಗು ತುಟಿಯ ತನಕ ಬಂದಿತ್ತು. ತುಟಿ ಕಚ್ಚಿಕೊಂಡೆ. ಬರುವುದಿದ್ದರೆ ಬರಲಿ, ಇಲ್ಲವಾದರೆ ಗಾಬರಿಯಿಲ್ಲದೆ, ದಾರಿ ತಪ್ಪದೆ ಬಸು ಇರುವ ಕಡೆಗೆ ಹೋಗಿ ಸೇರಲಿ. ಬೆಳಕು ಹರಿಯುವ ತನಕ ಒಲೆಗೂ ಅವಳ ಹಾಸಿಗೆಗೂ ಓಡಾಡಿದೆ. ಅವಳ ಮುಖ ನನ್ನ ಕೈಯ ಬಿಸಿಯನ್ನೆಲ್ಲ ಹೀರಿಕೊಂಡಿತು, ಬೆಚ್ಚಗಾಗಲಿಲ್ಲ. ನಾನು ಕೂಗಲಿಲ್ಲ.

ಮುಂದಿನ ತಿಂಗಳು ಡಾಕ್ಟರು ಕೇಳುತ್ತಾರೆ, ಕ್ರಮ ಹೇಗೆ ನಡೆದಿದೆ ಎಂದು. ವಾಕಿಂಗ್ ಹೋಗುತ್ತಿದ್ದೇನೆ, ಬಿಸಿನೀರು ಕುಡಿಯುತ್ತಿದ್ದೇನೆ ಎನ್ನುತ್ತೇನೆ. ಅದಕ್ಕೂ ಮೊದಲು ಮಾಡುವುದೊಂದಿದೆ, ಅದನ್ನು ಅವರಿಗೆ ಹೇಗೆ ಹೇಳಲಿ? ಫೋನಿನ ಅಲಾರಾಂ ಬಡಿದುಕೊಂಡ ಕೂಡಲೇ ಆರಿಸುತ್ತೇನೆ. ಪೂರ್ತಿ ಎಚ್ಚರವಾಗಿರುತ್ತದೆ. ಆದರೂ ಬಸುವಿನ ಹಾಗೆ ರೆಪ್ಪೆ ಬಿಗಿದುಕೊಂಡು, ಕದಲದೆ, ಇನ್ನೂ ಸ್ವಲ್ಪ ಹೊತ್ತು ಮಲಗಿರುತ್ತೇನೆ.