ಎತ್ತು ಹೂಡದ ದಿನದ ಹಿಂಡಿ

2025ರ ದೀಪಾವಳಿ ಕಳೆದು ಮದುವೆ ಸೀಸನ್ ಶುರುವಾಗಿದ್ದ ಸಮಯ. ಶಿಕಾರಿಪುರದ ಒಂದು ಬಟ್ಟೆ ಅಂಗಡಿಯ ಸೀರೆ ವಿಭಾಗದಲ್ಲಿ ನಾನು ಕೆಲಸಕ್ಕೆ ಸೇರಿ ಆಗ ಹದಿನಾಲ್ಕು ವರ್ಷ. ನನ್ನ ಹೆಸರು ಗಿರಿಜಮ್ಮ. ಓದಿದ್ದು ಏಳನೇ ಕ್ಲಾಸು, ಬಾಯಿ ಮಾತ್ರ ಡಿಗ್ರಿ ಮಾಡಿದವರಿಗಿಂತ ಜೋರು ಅಂತ ನಮ್ಮತ್ತೆ ಹೇಳುತ್ತಿದ್ದರು. ಬಳ್ಳಿಗಾವಿ ಕಡೆಯ ನಮ್ಮ ಹಳ್ಳಿಯಿಂದ ದಿನಾ ಬೆಳಿಗ್ಗೆ ಎಂಟೂಕಾಲರ ಪ್ರೈವೇಟ್ ಬಸ್ಸು ಹತ್ತುತ್ತೇನೆ. ಕಂಡಕ್ಟರ್ ಮಂಜಣ್ಣ ಎಷ್ಟು ವರ್ಷದ ಪರಿಚಯವೆಂದರೆ, ನನ್ನ ಬುತ್ತಿ ಚೀಲ ಕಂಡರೆ ಸಾಕು, ಎಲ್ಲಿಗೆ ಅಂತ ಕೇಳದೆ ಟಿಕೆಟ್ ಹರಿಯುತ್ತಾರೆ.

ನಮ್ಮ ಅಂಗಡಿಯ ಪದ್ಧತಿ ಸರಳ. ಬಂದ ದಿನಕ್ಕೆ ಸಂಬಳ, ಬರದ ದಿನಕ್ಕೆ ಇಲ್ಲ. ಜ್ವರ ಬಂದು ಮಲಗಿದರೂ ಇಲ್ಲ, ಅಂಗಡಿಯವರೇ ಬಾಗಿಲು ಹಾಕಿದರೂ ಇಲ್ಲ. ನಾವು ಹನ್ನೊಂದು ಜನ ಕೆಲಸ ಮಾಡುತ್ತಿದ್ದೆವು, ಇದು ತಪ್ಪು ಅಂತ ಒಬ್ಬರಿಗೂ ಅನ್ನಿಸಿರಲಿಲ್ಲ. ಎಲ್ಲ ಕಡೆಯೂ ಹೀಗೇ ಇರುತ್ತದೆ ಅಂದುಕೊಂಡಿದ್ದೆವು.

ಹಾಗಂತ ನಮ್ಮ ಸಾಹುಕಾರರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅರವತ್ತು ದಾಟಿದವರು. ಊಟದ ಹೊತ್ತಿನಲ್ಲಿ ಗಿರಾಕಿ ಬಂದರೆ ತಾವೇ ಎದ್ದು ಸೀರೆ ಬಿಡಿಸಿ ತೋರಿಸುತ್ತಾರೆ, ನಮ್ಮನ್ನು ಊಟದ ಮಧ್ಯೆ ಎಬ್ಬಿಸುವುದಿಲ್ಲ. ಅಂಜನಾಪುರದ ಹತ್ತಿರ ಅವರಿಗೆ ಗದ್ದೆ ಇದೆ. ಎಲ್ಲರ ಮನೆಗೆ ಟ್ರ್ಯಾಕ್ಟರ್ ಬಂದರೂ ಅವರು ಒಂದು ಜೋಡಿ ಎತ್ತು ಇಟ್ಟುಕೊಂಡಿದ್ದಾರೆ. ಮೊಬೈಲಿನಲ್ಲಿ ಮೊಮ್ಮಕ್ಕಳ ಫೋಟೋಗಿಂತ ಎತ್ತುಗಳ ಫೋಟೋನೇ ಜಾಸ್ತಿ. ಸೀರೆ ಕೊಳ್ಳಲು ಬಂದವರಿಗೂ ತೋರಿಸುತ್ತಾರೆ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಶಿವನ ವಾರ, ಎತ್ತಿಗೆ ಬಿಡುವು. ಪ್ರತಿ ಸೋಮವಾರ ಸಾಹುಕಾರರೇ ಗದ್ದೆಗೆ ಹೋಗಿ, ಎತ್ತುಗಳ ಮೈ ತೊಳೆದು, ಶೇಂಗಾ ಹಿಂಡಿ ಕಲಸಿ ಗೋದಲಿಗೆ ಹಾಕಿ, ಹನ್ನೊಂದು ಗಂಟೆಗೆ ಅಂಗಡಿಗೆ ಬರುತ್ತಿದ್ದರು. ಆ ದಿನ ಗಲ್ಲಾದ ಹತ್ತಿರ ಹೋದರೆ ಹಿಂಡಿಯ ವಾಸನೆ ಬರುತ್ತಿತ್ತು.

ಆ ವಾರ ನನಗೆ ಎರಡು ದಿನದಿಂದ ಜ್ವರ. ಮಾತ್ರೆ ನುಂಗಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಮೂರನೇ ದಿನ ಸೊರಬದ ಕಡೆಯಿಂದ ಒಂದು ಮದುವೆ ಮನೆಯವರು ಧಾರೆ ಸೀರೆಗೆ ಬಂದರು. ಹುಡುಗಿ, ತಾಯಿ, ದೊಡ್ಡಮ್ಮ, ಜೊತೆಗೆ ಇನ್ನೂ ನಾಲ್ಕು ಜನ. ನಾನು ಗಾದಿಯ ಮೇಲೆ ಹದಿನೈದು ಸೀರೆಯಾದರೂ ಬಿಡಿಸಿ ಹಾಕಿದ್ದೆ. ಹುಡುಗಿ ಇದೇ ಅಂಚು ನೀಲಿಯಲ್ಲಿ ಬೇಕು ಅಂದಳು. ಮೇಲಿನ ಕಪಾಟಿಗೆ ಕೈ ಚಾಚಿದ್ದು ನೆನಪಿದೆ, ಆಮೇಲೆ ನೆನಪಿಲ್ಲ. ಬಿಡಿಸಿದ ಧಾರೆ ಸೀರೆಗಳ ಮೇಲೆಯೇ ದೊಪ್ಪನೆ ಬಿದ್ದೆನಂತೆ. ಮುಖಕ್ಕೆ ನೀರು ಚಿಮುಕಿಸಿದಾಗ ಕಣ್ಣು ಬಿಟ್ಟು ನಾನು ಹೇಳಿದ ಮೊದಲ ಮಾತು, "ಇದ್ರಾಗೆ ನೀಲೀನೂ ಐತ್ರೀ." ಜೊತೆಯಲ್ಲಿ ಕೆಲಸ ಮಾಡುವ ನಾಗವೇಣಿ ಇವತ್ತಿಗೂ ಇದನ್ನು ಹೇಳಿ ನಗುತ್ತಾಳೆ.

ಆ ಹುಡುಗಿಯ ದೊಡ್ಡಮ್ಮ ಹೈಸ್ಕೂಲು ಟೀಚರಾಗಿ ನಿವೃತ್ತರಾದವರು. ಅವರು ಸೀರೆ ಆರಿಸುವುದನ್ನು ಉಳಿದವರಿಗೆ ಬಿಟ್ಟು, ತಮ್ಮ ಕಾರಿನಲ್ಲೇ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡೆಂಗಿ ಅಂದರು. ನಮ್ಮ ಮನೆಯವರು ಗದ್ದೆಯಿಂದ ಬರುವವರೆಗೆ ಟೀಚರ್ ನನ್ನ ಮಂಚದ ಪಕ್ಕವೇ ಕೂತಿದ್ದರು. ನನಗೋ ಸಂಕೋಚ. ಮದುವೆ ಮನೆಯವರ ಇಡೀ ದಿನ ಹಾಳು ಮಾಡಿದೆನಲ್ಲ ಅಂತ.

"ಇಷ್ಟು ಜ್ವರ ಇಟ್ಕಂಡು ಎಂತಕೆ ಬಂದೆ ಮಾರಾಯ್ತಿ?" ಅಂತ ಕೇಳಿದರು. ಬರದಿದ್ದರೆ ಆ ದಿನದ ಸಂಬಳ ಇಲ್ಲ ಅಂದೆ. ಕಾಯಿಲೆ ರಜೆ ಇಲ್ಲವಾ ಅಂದರು. ನನಗೆ ಆ ಜ್ವರದಲ್ಲೂ ನಗು ಬಂತು. ಅದೆಲ್ಲಾ ಸರ್ಕಾರಿ ನೌಕರರಿಗೆ ಟೀಚರ್, ನಮಗೆಲ್ಲಿಂದ ಅಂದೆ. ಅವರು ನಗಲಿಲ್ಲ. ತಾವು ಮೂವತ್ತು ವರ್ಷ ನೌಕರಿ ಮಾಡಿ, ಜ್ವರ ಬಂದಾಗಲೆಲ್ಲ ಮನೆಯಲ್ಲಿ ಮಲಗಿ ಸಂಬಳ ತೆಗೆದುಕೊಂಡವರು, ಅದನ್ನು ಯಾರೂ ದಾನ ಅನ್ನಲಿಲ್ಲ ಅಂದರು. ಅಂಗಡಿಯಲ್ಲಿ ಕೆಲಸ ಮಾಡುವವರಿಗೂ ಕಾನೂನು ಇದೆ, ಹೋಗಿ ಕೇಳು ಅಂತ ಹೇಳಿ, ಆಸ್ಪತ್ರೆಯ ಚೀಟಿಯ ಹಿಂದೆ ದುಂಡು ಅಕ್ಷರದಲ್ಲಿ "ಕಾರ್ಮಿಕ ನಿರೀಕ್ಷಕರ ಕಚೇರಿ" ಅಂತ ಬರೆದು, ಕೆಳಗೆ ತಮ್ಮ ಫೋನ್ ನಂಬರ್ ಹಾಕಿ ಕೊಟ್ಟರು.

ಹತ್ತು ದಿನ ಮಲಗಿದೆ. ಮಲಗಿದಲ್ಲಿ ಆ ಚೀಟಿಯನ್ನು ಎಷ್ಟು ಸಲ ತಿರುವಿ ನೋಡಿದೆನೋ. ಹನ್ನೊಂದನೇ ದಿನ ಮನೆಯವರ ಬೈಕಿನ ಹಿಂದೆ ಕೂತು ಆ ಕಚೇರಿಗೆ ಹೋದೆ. ಅಲ್ಲಿದ್ದವರು ಕೂರಿಸಿ, ಮಾತನಾಡಿಸಿ, ತಿಳಿಯುವ ಹಾಗೆ ಹೇಳಿದರು. ವಾರಕ್ಕೊಂದು ದಿನ ರಜೆ ಕೊಡಬೇಕು, ಅದಕ್ಕೆ ಸಂಬಳ ಹಿಡಿಯುವ ಹಾಗಿಲ್ಲ. ಕಾಯಿಲೆ ಅಂತ ವರ್ಷಕ್ಕೆ ಹನ್ನೆರಡು ದಿನದವರೆಗೆ ಸಂಬಳದ ರಜೆ. ಇಪ್ಪತ್ತು ದಿನ ದುಡಿದರೆ ಒಂದು ದಿನದ ಗಳಿಕೆ ರಜೆ. ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು, ಕನ್ನಡ ರಾಜ್ಯೋತ್ಸವ ಇಂಥವಕ್ಕೆ ಬೇರೆ. ಹದಿನಾಲ್ಕು ವರ್ಷ ನಾನು ಬಾವುಟದ ದಿನ ಕೂಡ ಸೀರೆ ಮಡಚಿದ್ದೇನೆ! ದೂರು ಬರೆದುಕೊಡಿ, ನಾವು ಬಂದು ನೋಡುತ್ತೇವೆ ಅಂದರು. ನಾನು ಬೇಡ ಅಂದೆ. ಉಪ್ಪು ತಿಂದ ಮನೆ, ಮೊದಲು ನಾನೇ ಬಾಯಿಬಿಟ್ಟು ಕೇಳುತ್ತೇನೆ, ಆಗದಿದ್ದರೆ ಬರುತ್ತೇನೆ ಅಂತ ಹೇಳಿ, ನಿಯಮಗಳನ್ನು ಅಚ್ಚು ಮಾಡಿದ್ದ ಕನ್ನಡದ ಹಾಳೆ ಇಸಿದುಕೊಂಡು ಬಂದೆ.

ಬೈಕಿನಲ್ಲಿ ಬರುವಾಗ ಮನೆಯವರು ಒಂದೇ ಮಾತು ಕೇಳಿದರು. ಕೆಲಸ ಹೋದರೆ ಏನು ಮಾಡುತ್ತೀಯ ಅಂತ. ಮಗಳು ಪಿಯುಸಿ ಓದುತ್ತಿದ್ದಳು, ಅವಳ ಓದು ನಡೆಯುತ್ತಿದ್ದುದೇ ನನ್ನ ಸಂಬಳದಲ್ಲಿ.

ವಾಪಸ್ ಕೆಲಸಕ್ಕೆ ಹೋದ ದಿನ ಸೋಮವಾರ. ಹನ್ನೊಂದಕ್ಕೆ ಸಾಹುಕಾರರು ಬಂದರು. ನನ್ನನ್ನು ನೋಡಿ, ಎಷ್ಟು ಸೊರಗಿದ್ದೀಯಮ್ಮ, ಎಳನೀರು ಕುಡಿ ಅಂದರು. ನಾನು ಗಲ್ಲಾದ ಮುಂದೆ ನಿಂತೆ. ಹತ್ತು ದಿನದ ಕಾಯಿಲೆ ರಜೆಯ ಸಂಬಳ ಕೊಡಬೇಕು ಅಂತ ಕೇಳಿ ಹಾಳೆ ಮುಂದಿಟ್ಟೆ. ಅವರು ಅದನ್ನು ಓದಲಿಲ್ಲ. ಮಡಚಿ ಕ್ಯಾಲ್ಕ್ಯುಲೇಟರ್ ಕೆಳಗೆ ಇಟ್ಟರು.

"ಗಿರಿಜಮ್ಮ, ದುಡಿದ ದಿನದ್ದು ಕೊಡೋಕೆ ಯಾವತ್ತಾದ್ರೂ ತಡ ಮಾಡೀನೇನು? ದುಡೀದೆ ಇದ್ದ ದಿನಕ್ಕೆ ಹೆಂಗೆ ಕೊಡ್ಲಿ? ಮಲಗಿದ್ದಕ್ಕೆ ಸಂಬಳ ಅಂದ್ರೆ ನಾಳೆ ಎಲ್ಲಾರೂ ಮಲಗ್ತಾರೆ."

ಅಂಗಡಿಯಲ್ಲಿ ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಕಾನೂನಿನ ಮಾತೆಲ್ಲ ನನಗೆ ಮರೆತೇ ಹೋಯಿತು. ಅಷ್ಟರಲ್ಲಿ ಹಿಂಡಿಯ ವಾಸನೆ ಮೂಗಿಗೆ ಬಡಿಯಿತು. ಅವರ ಅಂಗಿಯ ತೋಳಿಗೆ ಒಂದು ಚೂರು ಅಂಟಿಕೊಂಡಿತ್ತು.

"ಸಾವ್ಕಾರ್ರೆ, ಇವತ್ತು ಸೋಮವಾರ. ನಿಮ್ಮ ಎತ್ತು ಹೂಡಿಲ್ಲ. ಹಿಂಡಿ ಹಾಕಿ ಬಂದ್ರೋ, ಇಲ್ಲಾ ಇವತ್ತು ದುಡೀಲಿಲ್ಲ ಅಂತ ಗ್ವಾದಲಿ ಖಾಲಿ ಇಟ್ಟು ಬಂದ್ರೋ?"

ನನ್ನ ಬಾಯಿ ಅಷ್ಟಕ್ಕೆ ನಿಲ್ಲಬೇಕಲ್ಲ?

"ಎತ್ತಿಗೂ ಬಿಡುವು ಬೇಕು ಅಂತ ನಿಮ್ಮಜ್ಜಾರ ಕಾಲದಿಂದ ನಡೆಸ್ಕೊಂಡು ಬಂದೀರಿ. ಬಿಡುವಿನ ದಿನ ಅದಕ್ಕೆ ಹೊಟ್ಟೆ ಇರಲ್ಲ ಅಂತ ನಿಮ್ಮನ್ಯಾಗೆ ಯಾರೂ ಅಂದಿಲ್ಲ. ನಮಗೂ ಅಷ್ಟೇ ರೀ."

ಸಾಹುಕಾರರ ಮುಖ ಕೆಂಪಾಯಿತು. ಹೋಗು, ಕೆಲಸ ನೋಡು ಅಂದರು. ಅಷ್ಟೇ. ಹೋಗಿ ನನ್ನ ಗಾದಿಯ ಮೇಲೆ ಕೂತೆ, ಒಂದು ಸೀರೆಯನ್ನು ಮೂರು ಸಲ ಮಡಚಿದೆ. ಕೆಲಸ ಹೋಯಿತು ಅಂತ ಗಟ್ಟಿ ಮಾಡಿಕೊಂಡೆ. ಮಧ್ಯಾಹ್ನ ಊಟಕ್ಕೆ ಕೂತಾಗ ಪ್ಯಾಂಟು ಶರ್ಟಿನ ವಿಭಾಗದ ರುದ್ರಪ್ಪಣ್ಣ ನನಗೆ ಸರಿಯಾಗಿ ಬೈದರು. ಅವರು ಇಪ್ಪತ್ತೆರಡು ವರ್ಷದಿಂದ ಅಂಗಡಿಯಲ್ಲಿರುವ ಹಿರಿಯರು, ಬೀಗದ ಕೈ ಇರುವುದು ಅವರ ಹತ್ತಿರವೇ. ನಿನ್ನೊಬ್ಬಳ ಬಾಯಿಂದ ಹನ್ನೊಂದು ಮನೆಯ ಅನ್ನಕ್ಕೆ ಕಲ್ಲು ಬೀಳುತ್ತದೆ ಅಂದರು. ನಾಗವೇಣಿ ಮಾತ್ರ ತನ್ನ ಡಬ್ಬಿಯ ಪಲ್ಯವನ್ನೆಲ್ಲಾ ನನ್ನ ರೊಟ್ಟಿಗೆ ಹಾಕಿದಳು.

ಆ ವಾರವೆಲ್ಲ ಸಾಹುಕಾರರು ನನ್ನನ್ನು ಮಾತನಾಡಿಸಲಿಲ್ಲ. ಏನಾದರೂ ಹೇಳಬೇಕಾದರೆ ನಾಗವೇಣಿಯ ಕೈಲಿ ಹೇಳಿಸುತ್ತಿದ್ದರು. ಎತ್ತಿನ ಫೋಟೋವನ್ನೂ ಯಾರಿಗೂ ತೋರಿಸಲಿಲ್ಲ. ದಿನಾ ಸಂಜೆ ಬುತ್ತಿ ಚೀಲ ಎತ್ತಿಕೊಳ್ಳುವಾಗ, ನಾಳೆಯಿಂದ ಬರಬೇಡ ಅನ್ನುತ್ತಾರೆ ಅಂತ ಕಾಯುತ್ತಿದ್ದೆ.

ಮುಂದಿನ ಸೋಮವಾರ ಅವರು ಹನ್ನೊಂದಕ್ಕೆ ಬರಲಿಲ್ಲ. ಎರಡು ಗಂಟೆಗೆ ಬಂದರು. ಬಂದವರೇ ಎಲ್ಲರನ್ನೂ ಗಲ್ಲಾದ ಹತ್ತಿರ ಕರೆದರು. ಜೇಬಿನಿಂದ ನನ್ನದೇ ಹಾಳೆ ತೆಗೆದರು, ಮಡಚಿ ಮಡಚಿ ಅದರ ಅಂಚು ಹರಿದಿತ್ತು. ತಮ್ಮ ಆಡಿಟರನ್ನು ಕೇಳಿಕೊಂಡು, ಆ ಕಚೇರಿಗೂ ಹೋಗಿ ಬಂದಿದ್ದರಂತೆ.

"ಓದಮ್ಮ, ಎಲ್ಲರಿಗೂ ಕೇಳೋ ಹಂಗೆ," ಅಂತ ಹಾಳೆಯನ್ನು ನನ್ನ ಕೈಗೆ ಕೊಟ್ಟರು. "ಇವತ್ತು ಹಿಂಡಿ ಕಲಸೋಕೆ ಕೈ ಹಾಕಿದ್ರೆ ನಿನ್ನ ಮಾತೇ ನೆನಪಾತು. ಎತ್ತಿನ ಮುಖ ನೋಡೋಕಾಗ್ಲಿಲ್ಲ ನಂಗೆ."

ಓದಿದೆ. ಏಳನೇ ಕ್ಲಾಸಿನ ಓದು, ಕೆಲವು ಪದಗಳ ಹತ್ತಿರ ತಡವರಿಸಿದೆ. ಕಾಯಿಲೆ ರಜೆಯ ಸಾಲಿಗೆ ಬಂದಾಗ ನಿಂತು ನೀರು ಕುಡಿದು ಮುಂದೆ ಓದಿದೆ. ಇನ್ನು ಮೇಲೆ ಇದರ ಪ್ರಕಾರವೇ ಅಂದರು ಸಾಹುಕಾರರು. ನನ್ನ ಹತ್ತು ದಿನವೂ ಅದರಲ್ಲಿ ಸೇರಿತು. ಹಾಗಂತ ವ್ಯಾಪಾರಸ್ಥರು ಅಲ್ಲವೇ, ಡಾಕ್ಟರ ಚೀಟಿ ತರದಿದ್ದರೆ ಒಂದು ದಿನವೂ ಇಲ್ಲ ಅಂತ ಬೆರಳು ತೋರಿಸಿ ಹೇಳಲು ಮರೆಯಲಿಲ್ಲ. ಆ ಸಂಜೆ ಟೀಚರಿಗೆ ಫೋನ್ ಮಾಡಿದೆ. ವಿಷಯ ಹೇಳುವ ಮೊದಲೇ ಅತ್ತುಬಿಟ್ಟೆ. ಅವರು ಗಾಬರಿಯಾಗಿ, ಮತ್ತೆ ಬಿದ್ದೆಯಾ ಅಂತ ಕೇಳಿದರು.

ನಮ್ಮ ಮೊದಲ ಸಂಬಳದ ಹಬ್ಬದ ರಜೆ ಈ ವರ್ಷದ ಜನವರಿ ಇಪ್ಪತ್ತಾರು. ಅದೂ ಸೋಮವಾರವೇ ಬಂತು. ಹಿಂದಿನ ದಿನವೇ ಅಂಗಡಿಯ ಮುಂದೆ ರಜೆಯ ಬೋರ್ಡ್ ತೂಗುಹಾಕಿದ್ದರು. ಆದರೂ ಬೆಳಿಗ್ಗೆ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಎಲ್ಲಾದರೂ ನಮ್ಮನ್ನು ಬಿಟ್ಟು ಅಂಗಡಿ ತೆಗೆದುಬಿಟ್ಟರೆ? ಸುಮ್ಮನೆ ನೋಡಿಕೊಂಡು ಬರುತ್ತೇನೆ ಅಂತ ಮನೆಯವರಿಗೆ ಹೇಳಿ, ಅಭ್ಯಾಸಬಲದಿಂದ ಬುತ್ತಿಯನ್ನೂ ಕಟ್ಟಿಕೊಂಡು ಅದೇ ಎಂಟೂಕಾಲರ ಬಸ್ಸು ಹತ್ತಿದೆ.

ಹೋಗಿ ನೋಡಿದರೆ, ಮುಚ್ಚಿದ ಷಟರ್ ಮುಂದೆ ನಾಗವೇಣಿ ಡಬ್ಬಿ ಹಿಡಿದು ನಿಂತಿದ್ದಾಳೆ! ಹಿಂದೆಯೇ ಇನ್ನಿಬ್ಬರು ಬಂದರು. ಎಲ್ಲರಿಗಿಂತ ಕೊನೆಗೆ ರುದ್ರಪ್ಪಣ್ಣ, ಬೀಗದ ಕೈ ಬೆರಳಲ್ಲಿ ತಿರುಗಿಸುತ್ತಾ ಬಂದವರು ನಮ್ಮನ್ನು ನೋಡಿ ಕೈ ಬೆನ್ನ ಹಿಂದೆ ಇಟ್ಟುಕೊಂಡರು. ಆಮೇಲೆ ನಾವು ನಕ್ಕ ನಗುವಿಗೆ ಪಕ್ಕದ ಹೋಟೆಲಿನವರು ಹೊರಗೆ ಬಂದು ನೋಡಿದರು.

ಬುತ್ತಿ ಇತ್ತಲ್ಲ, ಐದೂ ಜನ ಒಂದು ಆಟೋ ಮಾಡಿಕೊಂಡು ಅಂಜನಾಪುರಕ್ಕೆ ಹೋಗಿ ಡ್ಯಾಮ್ ಹತ್ತಿರ ಕೂತು ಉಂಡೆವು. ಇಷ್ಟು ಹತ್ತಿರ ಇದ್ದೂ ನಾನು ಅಲ್ಲಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ವಾಪಸ್ ಬರುವ ದಾರಿಯಲ್ಲೇ ಸಾಹುಕಾರರ ಗದ್ದೆ. ಅವರು ಹಿಂಡಿ ಹಾಕಿ ಹೋಗಿಯಾಗಿತ್ತು. ಎರಡೂ ಎತ್ತು ಹುಣಸೆ ಮರದ ಕೆಳಗೆ ಮಲಗಿ ಮೆಲುಕು ಹಾಕುತ್ತಿದ್ದವು. ರುದ್ರಪ್ಪಣ್ಣ ತಮ್ಮ ಡಬ್ಬಿಯಲ್ಲಿ ಉಳಿದಿದ್ದ ರೊಟ್ಟಿ ಮುರಿದು ಎರಡರ ಬಾಯಿಗೂ ಇಟ್ಟು, ಹಣೆ ಸವರಿದರು.

"ಇವತ್ತು ನಮಗೂ ಸೋಮವಾರ ಕಣಪ್ಪ," ಅಂದರು.

ಹದಿನಾಲ್ಕು ವರ್ಷದಲ್ಲಿ ಎಷ್ಟು ಮದುವೆಗಳಿಗೆ ಧಾರೆ ಸೀರೆ ಮಾರಿದ್ದೇನೋ ಗೊತ್ತಿಲ್ಲ, ಅದರ ಹೆಮ್ಮೆ ನನಗಿಲ್ಲ. ಅವತ್ತು ಗಲ್ಲಾದ ಮುಂದೆ ನಿಂತು ಕೇಳಿದ ಆ ಒಂದು ಪ್ರಶ್ನೆಯ ಹೆಮ್ಮೆ ಮಾತ್ರ ಇದೆ, ಸಾಯುವವರೆಗೂ ಇರುತ್ತದೆ.

ಮಧ್ಯಾಹ್ನದ ಬಸ್ಸಿನಲ್ಲಿ ಊರಿಗೆ ಹೊರಟೆ. ಬೆಳಿಗ್ಗೆ ಇಳಿದವಳು ಮಧ್ಯಾಹ್ನವೇ ಹತ್ತಿದ್ದು ನೋಡಿ ಮಂಜಣ್ಣ, ಮತ್ತೆ ಹುಷಾರು ತಪ್ಪಿತಾ ಅಂತ ಕೇಳಿದರು. "ಇಲ್ಲಪ್ಪ, ಇವತ್ತು ನಂಗೆ ರಜೆ. ಸಂಬಳದ ರಜೆ," ಅಂದೆ. ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಅಂದೆ, ಹಿಂದಿನ ಸೀಟಿನವರಿಗೂ ಕೇಳಲಿ ಅಂತ. ಅದು ಹೆಂಗೆ ಅಂದರು, ಹೇಳಿದೆ. ಅವರು ಟಿಕೆಟ್ ಹರಿಯುತ್ತಾ ಹಿಂದಕ್ಕೆ ಹೋದರು.

ನಮ್ಮೂರು ಬಂತು, ಇಳಿದೆ. ನನ್ನ ಹಿಂದೆಯೇ ಮಂಜಣ್ಣನೂ ಇಳಿದರು. ರೈಟ್ ಅಂತ ಹೇಳಬೇಕಾದವರು ಹೇಳಲಿಲ್ಲ. ಕಿವಿಯ ಮೇಲಿದ್ದ ಪೆನ್ನು ತೆಗೆದು, ಒಂದು ಟಿಕೆಟ್ಟನ್ನು ಹಿಂದುಮುಂದಾಗಿ ತಿರುಗಿಸಿ ಹಿಡಿದುಕೊಂಡು ನಿಂತರು.

"ಅಕ್ಕಾರೆ, ಆ ಆಫೀಸ್ ಎಲ್ಲೈತಿ?"

ಡ್ರೈವರ್ ಹಾರನ್ ಹೊಡೆದರು. ಬಸ್ಸಿನೊಳಗೆ ಯಾರೋ ಗೊಣಗಿದರು. ಕಾಯಲಿ ಅಂದುಕೊಂಡು ನಾನು ನಿಧಾನವಾಗಿ, ಎರಡೆರಡು ಸಲ ಹೇಳಿ ಬರೆಸಿದೆ.